ಫೋಟೊ ಬಂತು ಅಂತ ಕಾಡಿಗೆ ಓಡಬೇಡಿ

ಪ್ರಶ್ನೆ: ನಾನು ಮಿಷಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ಹತ್ತಿರ ಇದ್ದೇನೆ, ಎಚ್-1ಬಿ ವೀಸಾ. ಜಿಂಕೆ ಬೇಟೆಗೆ ಇದು ಎರಡನೇ ವರ್ಷ. ಸಹೋದ್ಯೋಗಿಯ ಮಾವನ 40 ಎಕರೆ ಜಮೀನಿನಲ್ಲಿ ಅನುಮತಿ ಸಿಕ್ಕಿದೆ. ಪಶ್ಚಿಮಕ್ಕೆ ಮೆಕ್ಕೆಜೋಳದ ಹೊಲ, ಈಶಾನ್ಯ ಮೂಲೆಯಲ್ಲಿ ಜೊಂಡು ಬೆಳೆದ ಜೌಗು, ಮಧ್ಯದಲ್ಲಿ ಓಕ್ ಮರಗಳ ಪಟ್ಟಿ, ದಕ್ಷಿಣಕ್ಕೆ ರಸ್ತೆ. ಪ್ರಾಣಿ ಸುಳಿದರೆ ತಾನೇ ಫೋಟೊ ತೆಗೆದು ಫೋನಿಗೆ ಕಳಿಸುವ ಮೂರು ಸೆಲ್ಯುಲಾರ್ ಕ್ಯಾಮೆರಾ ಕಟ್ಟಿದ್ದೇನೆ, ಎರಡು ಹೊಲದ ಅಂಚಿಗೆ, ಒಂದು ಓಕ್ ಪಟ್ಟಿಗೆ. ಒಂದು ದೊಡ್ಡ ಗಂಡು ಜಿಂಕೆಯ 31 ಫೋಟೊ ಬಂದಿವೆ. 28 ರಾತ್ರಿಯವು. ಫೋನ್ ಸದ್ದು ಮಾಡಿದಾಗಲೆಲ್ಲ ಹೋಗಿ ಹೊಲದ ಪಶ್ಚಿಮದ ಅಂಚಿನಲ್ಲಿ ಎರಡು ಗಂಟೆ ಕೂರುತ್ತೇನೆ. ಒಂದು ಸಲವೂ ಕಂಡಿಲ್ಲ. ಇನ್ನೂ ಒಂದು ಕ್ಯಾಮೆರಾ ಕೊಳ್ಳಲಾ? ಊರಿಗೆ ಹೋಗುವಾಗ ಒಂದನ್ನು ನಮ್ಮ ತೋಟಕ್ಕೆ ಒಯ್ಯಬಹುದಾ?

ಉತ್ತರ:

ನಾಲ್ಕನೇ ಕ್ಯಾಮೆರಾ ಬೇಡ. ಇರುವ ಮೂರರಲ್ಲಿ ಒಂದರ ಜಾಗ ಬದಲಿಸಿ. ಮೂರರಲ್ಲೂ ಫೋಟೊ ತಕ್ಷಣ ಕಳಿಸುವ ಸೆಟ್ಟಿಂಗ್ ಆಫ್ ಮಾಡಿ. ಹತ್ತು ಸಲ ಎರಡೆರಡು ಗಂಟೆ ಕೂರುವ ಬದಲು ಮೂರು ಸಲ ಇಡೀ ದಿನ ಕೂರಿ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನೀವು ಕಳಿಸಿದ ಫೋಟೊಗಳಲ್ಲೇ ಉತ್ತರ ಇದೆ.

ಅದಕ್ಕಿಂತ ಮೊದಲು ಒಂದು ಮುಖ್ಯ ವಿಷಯ. ನೀವು ಎಚ್-1ಬಿ ಮೇಲೆ ಇದ್ದೀರಿ ಅಂದಿರಿ. ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ ಅಂತ ಅಮೆರಿಕದ ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಒಂದು, ಇಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು ಅಂತಲೇ ತಿಳಿದುಕೊಳ್ಳಿ. ಸ್ನೇಹಿತರ ಬಂದೂಕನ್ನು ಒಂದು ದಿನಕ್ಕೆ ಕೈಯಲ್ಲಿ ಹಿಡಿದರೂ ಅದು ಲೆಕ್ಕಕ್ಕೆ ಬರುತ್ತದೆ. ಬಿಲ್ಲು-ಬಾಣ ಆ ಕಾನೂನಿನಡಿ ಬರುವುದಿಲ್ಲ, ಹಾಗಾಗಿ ಈಗ ನಡೆಯುತ್ತಿರುವ ಬಿಲ್ಲಿನ ಸೀಸನ್‌ಗೆ ಈ ತೊಡಕಿಲ್ಲ. ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರುವಾಗುವ ಮೊದಲು ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿಬಿಡಿ. ಒಂದು ಜಿಂಕೆಗೋಸ್ಕರ ಗ್ರೀನ್ ಕಾರ್ಡಿಗೆ ಕುತ್ತು ತಂದುಕೊಳ್ಳಬೇಡಿ.

ಈಗ ಫೋಟೊಗಳಿಗೆ ಬರೋಣ.

28 ರಾತ್ರಿ ಫೋಟೊಗಳನ್ನು ಒಂದು ಕಡೆ ಎತ್ತಿಡಿ. ಜಿಂಕೆ ಜೀವಂತ ಇದೆ, ಇದೇ ಸುತ್ತಿನಲ್ಲಿ ತಿರುಗುತ್ತಿದೆ ಅನ್ನುವುದು ಬಿಟ್ಟರೆ ಅವು ಹೆಚ್ಚೇನೂ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೊಲದಲ್ಲಿ ನಿಂತಿರುವ ಜಿಂಕೆ ಬೆಳಗಾಗುವ ಹೊತ್ತಿಗೆ ಅರ್ಧ ಮೈಲಿ ಆಚೆ ಮಲಗಿರಬಹುದು. ದೊಡ್ಡ ಗಂಡು ತಿರುಗುವ ಜಾಗ ಸುಮಾರು ಒಂದು ಚದರ ಮೈಲಿ, ಅಂದರೆ 640 ಎಕರೆ ಅಂತ ಇಟ್ಟುಕೊಳ್ಳಿ. ಊರಿಂದ ಊರಿಗೆ ಹೆಚ್ಚು ಕಡಿಮೆ ಆಗುತ್ತದೆ, ಬೆದೆಯ ಕಾಲದಲ್ಲಿ ಇನ್ನೂ ಹಿಗ್ಗುತ್ತದೆ. ನಿಮ್ಮ 40 ಎಕರೆ ಅದರ ಮನೆಯಲ್ಲ, ಮನೆಯ ಒಂದು ಕೋಣೆ ಅಷ್ಟೇ.

ಉಳಿದದ್ದು ಮೂರು ಹಗಲಿನ ಫೋಟೊ. ಮೂರೂ ಓಕ್ ಪಟ್ಟಿಯ ಕ್ಯಾಮೆರಾದವು. ನವೆಂಬರ್ 4, ಬೆಳಿಗ್ಗೆ 10.50. ನವೆಂಬರ್ 7, ಬೆಳಿಗ್ಗೆ 11.35. ಅದೇ ದಿನ ಸಂಜೆ 5.25. ನಾನು ಪ್ರತಿಯೊಂದನ್ನೂ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಅದು ಕತ್ತು ಕೆಳಗೆ ಹಾಕಿ, ಮೂಗು ನೆಲಕ್ಕೆ ತಾಗುವ ಹಾಗೆ ನಡೆಯುತ್ತಿದೆ. ಎಡಗೊಂಬಿನಲ್ಲಿ ಹುಬ್ಬಿನ ಮೇಲೆ ಬರುವ ಮೊದಲ ಕವಲು ಮುರಿದಿದೆ, ಹಾಗಾಗಿ ಇದು ಅದೇ ಗಂಡು ಅನ್ನುವುದರಲ್ಲಿ ಅನುಮಾನ ಇಲ್ಲ. ಹಿಂಗಾಲಿನ ಮಂಡಿ ಹತ್ತಿರ ಕೂದಲು ಒದ್ದೆಯಾಗಿ ಕಪ್ಪಾಗಿದೆ, ಅಂದರೆ ಬೆದೆ ಏರಿದೆ. ಮೂರು ಫೋಟೊದಲ್ಲೂ ಜೌಗಿನ ಕಡೆಯಿಂದ ಪಶ್ಚಿಮಕ್ಕೆ ಹೊರಟಿದೆ. ನೀವು ಬರೆದುಕೊಟ್ಟ ಹಾಗೆ ಆ ಎರಡೂ ದಿನ ಗಾಳಿ ವಾಯವ್ಯದಿಂದ. ಅಂದರೆ ಗಾಳಿ ಅದರ ಬಲಗೆನ್ನೆಗೆ ಬಡಿಯುತ್ತಿದೆ. ಮುಂದೆ ಏನಿದೆ ಅಂತ ಮೂಗಿಗೆ ಮೊದಲೇ ಗೊತ್ತಾಗುತ್ತಿರುವುದರಿಂದ ಅದಕ್ಕೆ ಹಗಲಿನಲ್ಲೂ ಹೊರಬರುವ ಧೈರ್ಯ.

ಈಗ ನೀವು ಕೂರುವ ಜಾಗ ನೋಡಿ. ಹೊಲದ ಪಶ್ಚಿಮದ ಅಂಚು. ಮಿಷಿಗನ್‌ನಲ್ಲಿ ಹೆಚ್ಚಿನ ದಿನ ಗಾಳಿ ಬೀಸುವುದೇ ಪಶ್ಚಿಮದ ಕಡೆಯಿಂದ. ನೀವು ಹೋಗಿ ಕೂತ ಹತ್ತು ನಿಮಿಷದಲ್ಲಿ ನಿಮ್ಮ ಮೈ ವಾಸನೆ ಹೊಲ ದಾಟಿ, ಓಕ್ ಪಟ್ಟಿ ದಾಟಿ, ಜೌಗಿನಲ್ಲಿ ಮಲಗಿರುವ ಜಿಂಕೆಗಳ ಮೂಗಿಗೆ ಹೋಗಿರುತ್ತದೆ. ಅವು ಎದ್ದು ಓಡುವುದಿಲ್ಲ. ಸುಮ್ನೆ ಅಲ್ಲೇ ಇರುತ್ತವೆ, ಕತ್ತಲಾದ ಮೇಲೆ, ನೀವು ಕಾರು ಹತ್ತಿ ಹೋದ ಮೇಲೆ ಹೊಲಕ್ಕೆ ಬರುತ್ತವೆ. ಆಗ ಕ್ಯಾಮೆರಾ ನಿಮಗೆ ಫೋಟೊ ಕಳಿಸುತ್ತದೆ. ಮರುದಿನ ನೀವು ಮತ್ತೆ ಅಲ್ಲಿಗೇ ಹೋಗುತ್ತೀರಿ. ರಾತ್ರಿ ಫೋಟೊಗಳೇ ಜಾಸ್ತಿ ಆಗುವುದಕ್ಕೆ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಗಮನಿಸಿ. ಬೆಳಗಿನ ಫೋಟೊಗಳು 10.50 ಮತ್ತು 11.35. ನೀವು ಏಳೂವರೆಗೆ ಕೂತು ಒಂಬತ್ತೂವರೆಗೆ ಎದ್ದು ಬರುತ್ತಿದ್ದೀರಿ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೊದಲ ಸೆಲ್ಯುಲಾರ್ ಕ್ಯಾಮೆರಾ ಕೊಂಡ ವರ್ಷ, ನವೆಂಬರ್ ಮೊದಲ ವಾರ, ಮಧ್ಯಾಹ್ನ 3.40ಕ್ಕೆ ಫೋನಿಗೆ ಫೋಟೊ ಬಂತು. ಮೂರು ವಾರದಿಂದ ಕಾಯುತ್ತಿದ್ದ ಗಂಡು, ನನ್ನ ಅಟ್ಟಣೆಯ ಬುಡದಲ್ಲೇ ನಿಂತಿದೆ. ಇಪ್ಪತ್ತೈದು ನಿಮಿಷದ ದಾರಿ. ಕಾರು ನಿಲ್ಲಿಸಿ, ಬಟ್ಟೆ ಬದಲಿಸಿ, ಓಡುವ ಹಾಗೆ ಒಳಗೆ ಹೋದೆ. ಅದು ಎಲ್ಲಿಗೂ ಹೋಗಿರಲಿಲ್ಲ. ಅರವತ್ತು ಗಜದ ದೂರದಲ್ಲಿ ಪೊದೆಯ ಹಿಂದೆ ನಿಂತಿತ್ತು. ನಾನು ಅದನ್ನು ನೋಡುವ ಮೊದಲೇ ಅದು ನನ್ನನ್ನು ನೋಡಿತ್ತು. ಜೋರಾಗಿ ಸೀನಿದ ಹಾಗೆ 'ಫೂ' ಅಂತ ಒಂದು ಸದ್ದು, ಬೆಳ್ಳಗಿನ ಬಾಲ ಎತ್ತಿ ಮೂರು ನೆಗೆತಕ್ಕೆ ಮಾಯ. ಆಮೇಲೆ ಹನ್ನೊಂದು ದಿನ ಒಂದು ಕ್ಯಾಮೆರಾದಲ್ಲೂ ಅದು ಕಾಣಲಿಲ್ಲ. ಕಂಡಾಗಲೂ ನಡುರಾತ್ರಿಯಲ್ಲೇ. ಆ ದಿನ ಮನೆಯಲ್ಲೇ ಇದ್ದು, ಗಾಳಿ ನೋಡಿಕೊಂಡು ಮರುದಿನ ಬೆಳಗಿನ ಜಾವ ಹೋಗಿ ಕೂತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವತ್ತಿನಿಂದ ನಾನು ಫೋಟೊ ನೋಡಿ ಅದೇ ದಿನ ಕಾಡಿಗೆ ಹೋಗುವುದನ್ನು ಬಿಟ್ಟೆ.

ಸೆಲ್ಯುಲಾರ್ ಕ್ಯಾಮೆರಾದ ನಿಜವಾದ ಉಪಯೋಗ ನಿಮ್ಮನ್ನು ಕಾಡಿನಿಂದ ಹೊರಗೆ ಇಡುವುದು. ಮೊದಲೆಲ್ಲ ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆಯುವುದಕ್ಕೆ ವಾರಕ್ಕೊಮ್ಮೆ ಒಳಗೆ ನಡೆಯಬೇಕಿತ್ತು. ಪ್ರತಿ ಸಲ ಮುಟ್ಟಿದ ಕೊಂಬೆಯಲ್ಲಿ, ತುಳಿದ ಹುಲ್ಲಿನಲ್ಲಿ ವಾಸನೆ ಬಿಟ್ಟು ಬರುತ್ತಿದ್ದೆವು. ಈಗ ಅದು ತಪ್ಪಿದೆ. ಆ ಲಾಭವನ್ನು ದಿನಕ್ಕೊಮ್ಮೆ ಓಡಿಹೋಗಿ ಕಳೆಯಬಾರದು, ಅಲ್ವಾ?

ಆದ್ದರಿಂದ ಸೆಟ್ಟಿಂಗ್. ಕ್ಯಾಮೆರಾದ ಆ್ಯಪ್‌ನಲ್ಲಿ ಫೋಟೊ ಯಾವಾಗ ಕಳಿಸಬೇಕು ಅನ್ನುವ ಆಯ್ಕೆ ಇರುತ್ತದೆ. ದಿನಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಅಂತ ಇಡಿ. ಕ್ಯಾಮೆರಾ ಫೋಟೊ ತೆಗೆಯುತ್ತಲೇ ಇರುತ್ತದೆ, ಕಳಿಸುವುದು ಮಾತ್ರ ಒಟ್ಟಿಗೆ. ಮನಸ್ಸಿಗೂ ನೆಮ್ಮದಿ, ಬ್ಯಾಟರಿಗೂ ನೆಮ್ಮದಿ. ಸಿಗ್ನಲ್ ಕಡಿಮೆ ಇರುವ ಜಾಗದಲ್ಲಿ ಕ್ಯಾಮೆರಾ ಪ್ರತಿ ಫೋಟೊಗೂ ಟವರ್ ಹುಡುಕುತ್ತ ಕೂರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುವುದು ಅದಕ್ಕೇ. ಬ್ಯಾಟರಿ ಲಿಥಿಯಂನದೇ ಹಾಕಿ. ಆಲ್ಕಲೈನ್ ಸೆಲ್ಲುಗಳು ಮಿಷಿಗನ್ ಚಳಿಗೆ ಸೋತುಹೋಗುತ್ತವೆ, ಆ್ಯಪ್‌ನಲ್ಲಿ ಅರ್ಧ ಇದೆ ಅಂತ ತೋರಿಸಿದ್ದು ಬೆಳಿಗ್ಗೆ ಹೊತ್ತಿಗೆ ಸತ್ತಿರುತ್ತದೆ. ಮತ್ತೆ, ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನಿಮ್ಮ ಕ್ಯಾಮೆರಾದ ಗಡಿಯಾರವೂ ಹಿಂದೆ ಹೋಗಿದೆಯಾ ನೋಡಿ. ಹೋಗಿಲ್ಲದಿದ್ದರೆ ಮೇಲೆ ಹೇಳಿದ ಮೂರು ಸಮಯಗಳಿಂದಲೂ ಒಂದು ಗಂಟೆ ಕಳೆಯಬೇಕು. ಆಗಲೂ ಎರಡು ಫೋಟೊ ನೀವು ಎದ್ದುಬಂದ ಮೇಲಿನವೇ.

ಜಾಗದ ವಿಷಯ. ಹೊಲದ ಅಂಚಿನ ಎರಡರಲ್ಲಿ ಒಂದನ್ನು ಬಿಚ್ಚಿ ಓಕ್ ಪಟ್ಟಿಯ ದಕ್ಷಿಣ ತುದಿಗೆ, ರಸ್ತೆಗೆ ಹತ್ತಿರ ಕಟ್ಟಿ. ಮಧ್ಯಾಹ್ನ ಹೋಗಿ, ಹತ್ತು ನಿಮಿಷದಲ್ಲಿ ಮುಗಿಸಿ ಬನ್ನಿ. ಮಳೆ ಬರುವ ದಿನವಾದರೆ ಇನ್ನೂ ಒಳ್ಳೆಯದು. ಜೌಗಿನ ಒಳಗೆ ಮಾತ್ರ ಕಾಲಿಡಬೇಡಿ. ಅದು ಅವು ಮಲಗುವ ಜಾಗ. ಅಲ್ಲಿಂದ ಎರಡು ಸಲ ಎಬ್ಬಿಸಿದರೆ ಈ ಸೀಸನ್ ಮುಗಿದ ಹಾಗೆ.

ಕಟ್ಟುವಾಗ ಕ್ಯಾಮೆರಾದ ಮುಖ ಉತ್ತರಕ್ಕೆ ಇರಲಿ. ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಸೂರ್ಯ ನೇರ ಲೆನ್ಸಿಗೆ ಬಿದ್ದು ಚಿತ್ರ ಬೆಳ್ಳಗಾಗುತ್ತದೆ, ಸುಮ್ಮಸುಮ್ಮನೆ ಕ್ಲಿಕ್ ಆಗುತ್ತಲೂ ಇರುತ್ತದೆ. ಈ ಕ್ಯಾಮೆರಾದಲ್ಲಿ ಇರುವ ಸೆನ್ಸರ್ ಗುರುತಿಸುವುದು ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯ ವಸ್ತು ಅಲುಗಾಡಿದ್ದನ್ನು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಅದಕ್ಕೆ ಜಿಂಕೆಯೇ. ಮುಂದಿನ ಹುಲ್ಲು, ಸಣ್ಣ ಕೊಂಬೆ ಸವರಿಬಿಡಿ. ಜಾಡಿಗೆ ಅಡ್ಡವಾಗಿ ನೇರಕ್ಕೆ ಇಡಬೇಡಿ, ಓರೆಯಾಗಿ ಇಡಿ. ನೇರ ಇಟ್ಟರೆ ಬೇಗ ನಡೆಯುವ ಗಂಡಿನ ಬಾಲ ಮಾತ್ರ ಸಿಗುತ್ತದೆ. ಓರೆ ಇಟ್ಟರೆ ಅದು ಚಿತ್ರದೊಳಗೆ ಹೆಚ್ಚು ಹೊತ್ತು ಇರುತ್ತದೆ, ಯಾವ ಕಡೆಗೆ ಹೊರಟಿದೆ ಅನ್ನುವುದೂ ತಿಳಿಯುತ್ತದೆ. ನಮಗೆ ಬೇಕಿರುವುದೇ ಆ ದಿಕ್ಕು.

ನಿಮ್ಮ ಫೋಟೊಗಳಲ್ಲಿ ನಾಲ್ಕೈದರಲ್ಲಿ ಹೆಣ್ಣು ಜಿಂಕೆಗಳು ಕ್ಯಾಮೆರಾವನ್ನೇ ದಿಟ್ಟಿಸಿ ನೋಡುತ್ತಿವೆ. ಅವುಗಳಿಗೆ ಅದು ಇರುವುದು ಗೊತ್ತಾಗಿದೆ. ರಾತ್ರಿಯ ಫ್ಲ್ಯಾಶ್‌ನಲ್ಲಿ ಎರಡು ಥರ. ಬೆಳಕಿನ ಅಲೆಯುದ್ದ 850 ನ್ಯಾನೋಮೀಟರ್ ಇರುವುದು ಮಂದವಾಗಿ ಕೆಂಪಗೆ ಮಿನುಗುತ್ತದೆ, ದೂರದ ತನಕ ಬೆಳಕು ಹಾಯುತ್ತದೆ. 940ರದ್ದು ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು, ಆದರೆ ದೂರ ಕಡಿಮೆ. ಇದಕ್ಕಾಗಿ ಹೊಸದು ಬೇಡ, ಇರುವುದನ್ನೇ ಏಳೆಂಟು ಅಡಿ ಎತ್ತರಕ್ಕೆ ಏರಿಸಿ, ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಕೆಳಮುಖ ಮಾಡಿ. ಜಿಂಕೆಯ ಕಣ್ಣಿನ ಮಟ್ಟದಿಂದ ಮೇಲೆ ಹೋದರೆ ಸಾಕು.

ಜೋಳ ಸುರಿದು ಅದರ ಮುಂದೆ ಕ್ಯಾಮೆರಾ ಕಟ್ಟುವ ಯೋಚನೆ ಬಂದಿದ್ದರೆ ಬಿಡಿ. ನೀವಿರುವ ಲೋವರ್ ಪೆನಿನ್ಸುಲಾದಲ್ಲಿ, ಅಂದರೆ ರಾಜ್ಯದ ದಕ್ಷಿಣ ಭಾಗದಲ್ಲಿ, 2019ರಲ್ಲಿ ಆಮಿಷ ಹಾಕುವುದನ್ನು ನಿಷೇಧಿಸಿದರು. ಕಾರಣ ಸಿಡಬ್ಲ್ಯುಡಿ ಅನ್ನುವ ಜಿಂಕೆಗಳ ಮಿದುಳಿನ ಕಾಯಿಲೆ. ಮಿಷಿಗನ್‌ನ ಕಾಡು ಜಿಂಕೆಯಲ್ಲಿ ಅದು ಮೊದಲು ಸಿಕ್ಕಿದ್ದು 2015ರಲ್ಲಿ. ಇದಕ್ಕೆ ಔಷಧಿ ಇಲ್ಲ, ಬಂದ ಜಿಂಕೆ ಉಳಿಯುವುದಿಲ್ಲ. ಒಂದೇ ರಾಶಿಗೆ ಹತ್ತು ಜಿಂಕೆ ಬಾಯಿ ಹಾಕಿದರೆ ಜೊಲ್ಲಿನಿಂದ ಹರಡುತ್ತದೆ. ಓಕ್ ಕಾಯಿ ಉದುರಿರುವಾಗ ಆಮಿಷದ ಅಗತ್ಯವೂ ಇಲ್ಲ.

ಇನ್ನು ಯಾವಾಗ ಕೂರುವುದು. ಇದೇ ವಾರ. ಬಿಳಿಬಾಲದ ಜಿಂಕೆ ಉತ್ತರದ ರಾಜ್ಯಗಳಲ್ಲಿ ಜಾಸ್ತಿ ಬೆದೆಗೆ ಬರುವುದು ನವೆಂಬರ್ ಮಧ್ಯದಲ್ಲಿ. ಚಳಿಯಿಂದ ಅಲ್ಲ, ಹಗಲು ಗಿಡ್ಡವಾಗುತ್ತ ಹೋಗುವುದರಿಂದ. ಹಾಗಾಗಿ ವರ್ಷ ವರ್ಷ ಹೆಚ್ಚು ಕಡಿಮೆ ಅದೇ ದಿನಗಳು. ಹೆಣ್ಣು ಒಂದು, ಹೆಚ್ಚೆಂದರೆ ಒಂದೂವರೆ ದಿನ ಮಾತ್ರ ಗಂಡನ್ನು ಹತ್ತಿರ ಬಿಟ್ಟುಕೊಳ್ಳುತ್ತದೆ. ಆ ದಿನ ಯಾವ ಹೆಣ್ಣಿಗೆ ಬಂತು ಅಂತ ಹುಡುಕಿಕೊಂಡು ಗಂಡು ಹಗಲೆಲ್ಲ ಅಲೆಯುತ್ತದೆ. ಬೆಳಿಗ್ಗೆ ಹೊಲದಿಂದ ಹೆಣ್ಣುಗಳು ವಾಪಸ್ ಬಂದು ಮಲಗಿದ ಮೇಲೆ, ಅಂದರೆ ಹತ್ತರಿಂದ ಒಂದು ಗಂಟೆ ತನಕ, ಅವು ಮಲಗುವ ಜಾಗಗಳ ಸುತ್ತ ಮೂಸುತ್ತ ನಡೆಯುವುದು ಇದಕ್ಕೇ. ನಿಮ್ಮ 10.50, 11.35 ಎರಡೂ ಅದೇ.

ನಡುವೆ ಒಂದೆರಡು ದಿನ ಕ್ಯಾಮೆರಾ ಪೂರ್ತಿ ಸುಮ್ಮನಾದರೆ ಗಾಬರಿ ಬೀಳಬೇಡಿ. ಅದಕ್ಕೆ ಹೆಣ್ಣು ಸಿಕ್ಕಿದೆ ಅಂತ ಅರ್ಥ. ಎಲ್ಲೋ ಒಂದು ಪೊದೆಯಲ್ಲಿ ಅದರ ಪಕ್ಕ ನಿಂತಿರುತ್ತದೆ, ಆ ಹೆಣ್ಣಿನ ಸಮಯ ಮುಗಿದ ಮೇಲೆ ಮತ್ತೆ ಅಲೆಯಲು ಹೊರಡುತ್ತದೆ. ಜಿಂಕೆ ಊರು ಬಿಟ್ಟಿತು ಅಂದುಕೊಂಡು ಜನ ಜಾಗ ಬಿಡುವುದೂ, ಕ್ಯಾಮೆರಾ ಎಲ್ಲಾ ಕಿತ್ತು ಬೇರೆ ಕಡೆ ಕಟ್ಟುವುದೂ ಸಾಮಾನ್ಯವಾಗಿ ಇದೇ ದಿನಗಳಲ್ಲಿ.

ವಾಯವ್ಯ ಗಾಳಿಯ ದಿನ ಆರಿಸಿ. ರಸ್ತೆ ಕಡೆಯಿಂದ ಒಳಗೆ ಹೋಗಿ ಓಕ್ ಪಟ್ಟಿಯ ದಕ್ಷಿಣ ತುದಿಯಲ್ಲಿ ಕೂರಿ. ನಿಮ್ಮ ವಾಸನೆ ಆಗ ಆಗ್ನೇಯಕ್ಕೆ, ರಸ್ತೆಯ ಕಡೆಗೆ ಹೋಗುತ್ತದೆ. ಗಾಳಿ ತೀರಾ ಕಡಿಮೆ ಇದ್ದಾಗ ಇಳಿಜಾರಿನ ಲೆಕ್ಕವೂ ಬರುತ್ತದೆ. ಬಿಸಿಲೇರಿದ ಹಾಗೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ತಗ್ಗಿಗೆ ಇಳಿಯುತ್ತದೆ. ನಿಮ್ಮ ತಗ್ಗು ಯಾವುದು? ಜೌಗು. ಹಾಗಾಗಿ ಗಾಳಿ ಸತ್ತ ಸಂಜೆ ಓಕ್ ಪಟ್ಟಿಯಲ್ಲಿ ಕೂರಲೇಬೇಡಿ.

ಗಾಳಿ ನೋಡುವುದಕ್ಕೆ ಅಂಗಡಿಯ ಪುಡಿ ಬೇಡ. ಇಲ್ಲಿನ ಬೀಳುಭೂಮಿಯಲ್ಲಿ ಮಿಲ್ಕ್‌ವೀಡ್ ಅಂತ ಒಂದು ಗಿಡ ಬೆಳೆಯುತ್ತದೆ, ನಮ್ಮ ಎಕ್ಕದ ಗಿಡದ ಸಂಬಂಧಿ. ಕಾಯಿ ಒಡೆದರೆ ಒಳಗೆ ಅದೇ ರೇಷ್ಮೆಯಂಥ ಹತ್ತಿ. ಚಿಕ್ಕಂದಿನಲ್ಲಿ ಎಕ್ಕದ ಬೀಜ ಊದಿ ಅದರ ಹಿಂದೆ ಓಡುತ್ತಿದ್ದದ್ದು ನೆನಪಿರಬೇಕಲ್ಲ? ಒಂದು ಕಾಯಿ ಜೇಬಿನಲ್ಲಿ ಇಟ್ಟುಕೊಂಡು, ಕೂತ ಮೇಲೆ ಒಂದೊಂದೇ ಎಳೆ ಬಿಡಿ. ಮೊದಲ ಇಪ್ಪತ್ತು ಗಜ ಅದು ನೇರ ರಸ್ತೆ ಕಡೆ ಹೋಗುತ್ತದೆ. ಆಮೇಲೆ ಒಂದು ದೊಡ್ಡ ಮರದ ಹತ್ತಿರ ಸುತ್ತು ಹಾಕಿ, ತಿರುಗಿ, ಜೌಗಿನ ಕಡೆಗೆ ತೇಲಿಕೊಂಡು ಹೋಗಬಹುದು. ಹಾಗೆ ಆದರೆ ಆ ಮರ ಬಿಟ್ಟು ಮೂವತ್ತು ಗಜ ಆಚೆ ಕೂರಿ. ಹವಾಮಾನದ ಆ್ಯಪ್ ಯಾವತ್ತೂ ಇದನ್ನು ಹೇಳುವುದಿಲ್ಲ.

ಇಡೀ ದಿನ ಕೂರುವುದು ಹೇಗೆ ಅಂತ ಜನ ಕೇಳುತ್ತಾರೆ. ಚಳಿಗೆ ಸೋಲುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ, ಒಳಗೆ ನಡೆದು ಹೋಗುವಾಗ ಬೆವರಿದ್ದರಿಂದ. ದಪ್ಪ ಜಾಕೆಟ್ ಚೀಲದಲ್ಲಿ ಇರಲಿ, ತೆಳ್ಳಗಿನ ಉಣ್ಣೆ ಹಾಕಿಕೊಂಡು ನಿಧಾನ ನಡೆಯಿರಿ, ಹತ್ತು ನಿಮಿಷ ಕೂತು ಮೈ ಆರಿದ ಮೇಲೆ ಜಾಕೆಟ್ ತೊಡಿ. ಕೆಳಗೆ ದಪ್ಪ ದಿಂಬು. ಬೂಟು ಒಂದು ಸೈಜು ಸಡಿಲ ಇರಲಿ, ಬಿಗಿಯಾದರೆ ಪಾದ ಮರಗಟ್ಟುತ್ತದೆ. ತಿನ್ನಲು ಚಕ್ಕುಲಿ ಒಯ್ಯಬೇಡಿ, ಕಡಿದರೆ ಸದ್ದು. ನಾನು ಬೆಲ್ಲ ಹಾಕಿದ ಅವಲಕ್ಕಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತೇನೆ. ಮರದ ಮೇಲಿನ ಅಟ್ಟಣೆಯಾದರೆ ನೆಲ ಬಿಡುವ ಮೊದಲೇ ಸುರಕ್ಷತಾ ಬೆಲ್ಟು ಮರಕ್ಕೆ ಸಿಕ್ಕಿಸಿ, ಇಳಿದು ನೆಲ ಮುಟ್ಟುವ ತನಕ ಬಿಚ್ಚಬೇಡಿ. ಇಲ್ಲಿ ಬೇಟೆಗಾರರು ಕೈಕಾಲು ಮುರಿದುಕೊಳ್ಳುವುದು ಗುಂಡಿನಿಂದಲ್ಲ, ಮರದಿಂದ ಬಿದ್ದೇ ಜಾಸ್ತಿ. ನವೆಂಬರ್ 15ರಿಂದ ಕಿತ್ತಳೆ ಬಣ್ಣದ ಮೇಲಂಗಿ ಕಡ್ಡಾಯ. ಜಿಂಕೆಗೆ ಅದು ಕಾಣುತ್ತದೆ ಅಂತ ಹೆದರಬೇಡಿ. ಅದರ ಕಣ್ಣಿಗೆ ಕಿತ್ತಳೆ, ಕೆಂಪು ಎದ್ದು ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮಬ್ಬು ಬೆಳಕಿನಲ್ಲಿ ನೀವು ತೆರೆದು ನೋಡುವ ಫೋನಿನ ಪರದೆ ಕಿತ್ತಳೆ ಅಂಗಿಗಿಂತ ಕೆಟ್ಟದ್ದು. ಏರೋಪ್ಲೇನ್ ಮೋಡ್‌ಗೆ ಹಾಕಿ ಚೀಲದ ತಳಕ್ಕೆ ತಳ್ಳಿಬಿಡಿ.

ಕೂತ ಮೇಲೆ ಮೊದಲ ಒಂದು ಗಂಟೆ ಕಾಡು ನಿಮ್ಮನ್ನು ಗಮನಿಸುತ್ತಿರುತ್ತದೆ. ಅಳಿಲುಗಳು ಮರದ ಮೇಲೆ ನಿಂತು ಬೈಯುತ್ತವೆ. ಆಮೇಲೆ ಅವು ಕೆಳಗಿಳಿದು ಒಣಗಿದ ಓಕ್ ಎಲೆಯಲ್ಲಿ ಕಾಯಿ ಹುಡುಕಲು ಶುರು ಮಾಡುತ್ತವೆ. ಆಗ ನಿಮ್ಮ ನಿಜವಾದ ಹೊತ್ತು ಶುರು. ಅಳಿಲಿನ ಸದ್ದು ಹೇಗೆ ಅಂದರೆ ಸರಸರ ನಾಲ್ಕು ನೆಗೆತ, ನಿಲುಗಡೆ, ಮತ್ತೆ ಸರಸರ. ಜಿಂಕೆಯದು ಹಾಗಲ್ಲ. ಒಂದು ಹೆಜ್ಜೆ, ಇನ್ನೊಂದು, ಮತ್ತೊಂದು, ಮನುಷ್ಯ ನಡೆದ ಹಾಗೆ. ಆಮೇಲೆ ಏನೂ ಇಲ್ಲ. ಎರಡು ನಿಮಿಷ ಏನೂ ಇಲ್ಲ. ಆ ಎರಡು ನಿಮಿಷದಲ್ಲಿ ಅದು ನಿಂತು ನೋಡುತ್ತಿರುತ್ತದೆ, ನೀವು ಏನೂ ಇಲ್ಲ ಅಂತ ಕತ್ತು ತಿರುಗಿಸುತ್ತೀರಿ, ಕಥೆ ಮುಗಿಯಿತು. ಇಡೀ ಜಿಂಕೆಯನ್ನು ಹುಡುಕಬೇಡಿ. ಮರಗಳೆಲ್ಲ ನೆಟ್ಟಗೆ ನಿಂತಿರುವ ಕಡೆ ಅಡ್ಡ ಮಲಗಿದ ಒಂದು ಗೆರೆ ಕಂಡರೆ ಅದು ಬೆನ್ನು. ಎಲೆ ಇಲ್ಲದ ಪೊದೆಯಲ್ಲಿ ಏನೋ ಒಂದು ಮಾತ್ರ ಮಿಸುಕಿದರೆ ಅದು ಕಿವಿ.

ನಮ್ಮಜ್ಜ ಮಲೆನಾಡಿನಲ್ಲಿ ಹಳಬರು ಮರಸು ಕೂರುತ್ತಿದ್ದದ್ದನ್ನು ಹೇಳುತ್ತಿದ್ದರು. ಹಣ್ಣು ಬಿದ್ದ ಮರ ಗುರುತು ಮಾಡಿ, ಗಾಳಿ ನೋಡಿ, ಎಲೆ ಅಡಿಕೆಯನ್ನೂ ಬಾಯಿಗೆ ಹಾಕದೆ ರಾತ್ರಿಯಿಡೀ ಕೂರುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದು ಅಪರಾಧ, ಹಾಗೇ ಇರಬೇಕು ಅನ್ನುವವನು ನಾನು. ಇಲ್ಲಿ ಕಥೆ ಬೇರೆ. 1900ರ ಸುಮಾರಿಗೆ ಅಮೆರಿಕದಲ್ಲೂ ಬಿಳಿಬಾಲದ ಜಿಂಕೆ ಕೆಲವೇ ಲಕ್ಷಕ್ಕೆ ಇಳಿದಿತ್ತು. ಕಾನೂನು ಬಿಗಿ ಮಾಡಿ, ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯ ಹಣವನ್ನು 1937ರಿಂದ ವನ್ಯಜೀವಿ ಕೆಲಸಕ್ಕೇ ಹಾಕಿ, ಈಗ ಕೋಟಿಗಟ್ಟಲೆ ಆಗಿವೆ. ನೀವು ಕೊಡುವ ಲೈಸೆನ್ಸ್ ದುಡ್ಡೂ ಅದೇ ಕೆಲಸಕ್ಕೆ ಹೋಗುತ್ತದೆ. ಕಾಯುವ ವಿದ್ಯೆ ಮಾತ್ರ ಎರಡೂ ಕಡೆ ಒಂದೇ.

ಕ್ಯಾಮೆರಾ ಬಗ್ಗೆ ಇಲ್ಲಿ ಜಗಳವೂ ನಡೆಯುತ್ತಿದೆ, ಅದು ನಿಮಗೆ ಗೊತ್ತಿರಲಿ. ಅರಿಜೋನಾ 2022ರ ಜನವರಿಯಿಂದ ಬೇಟೆಗೆ ಇಂಥ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಲ್ಲಿಸಿತು. ನೆವಾಡಾದಲ್ಲಿ ಸಾರ್ವಜನಿಕ ಭೂಮಿಯಲ್ಲಿ ಬೇಟೆಯ ತಿಂಗಳುಗಳಲ್ಲಿ ಕಟ್ಟುವಂತಿಲ್ಲ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದೆ ನಿಂತು ಕಟ್ಟಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ದೊಡ್ಡ ಕೊಂಬುಗಳ ದಾಖಲೆ ಇಡುತ್ತದೆ. ಆಗಷ್ಟೇ ಬಂದ ಫೋಟೊ ನೋಡಿ ತಕ್ಷಣ ಹೋಗಿ ಹೊಡೆದ ಪ್ರಾಣಿಯನ್ನು ಅವರು ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು. ನಿಮ್ಮ ರಾಜ್ಯದ ಈ ವರ್ಷದ ನಿಯಮ ಪುಸ್ತಕವನ್ನು ಒಮ್ಮೆ ಪೂರ್ತಿ ಓದಿ. ಇವು ವರ್ಷ ವರ್ಷ ಬದಲಾಗುತ್ತವೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬಾಣ ಅಥವಾ ಗುಂಡು ಬಿದ್ದ ಮೇಲಿನ ಕಾಯುವಿಕೆ ಎಲ್ಲಕ್ಕಿಂತ ಕಷ್ಟ. ಕೈಕಾಲು ನಡುಗುತ್ತಿರುತ್ತದೆ, ಇಳಿದು ಓಡಬೇಕು ಅನ್ನಿಸುತ್ತದೆ. ಇಳಿಯಬೇಡಿ. ಅದು ಕೊನೆಗೆ ಕಂಡ ಮರವನ್ನು ಮನಸ್ಸಿನಲ್ಲಿ ಗುರುತು ಮಾಡಿ, ಅರ್ಧ ಗಂಟೆ ಕೂತೇ ಇರಿ. ಆಮೇಲೆ ಬಾಣ ನೋಡಿ. ರಕ್ತ ತಿಳಿಗೆಂಪಾಗಿ, ನೊರೆ ನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾಗಿದ್ದರೆ ಯಕೃತ್ತು ಇರಬಹುದು, ಮೂರ್ನಾಲ್ಕು ಗಂಟೆ ಬಿಡಿ. ಹಸಿರು ಕಲೆ, ಮೇವಿನ ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಸದ್ದು ಮಾಡದೆ ಹಿಂದೆ ಬನ್ನಿ, ಎಂಟು ಹತ್ತು ಗಂಟೆ ಕಾಯಿರಿ. ಬೆನ್ನು ಹತ್ತಿದರೆ ಅದು ನೋವಿನಲ್ಲೇ ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ, ನಿಮಗೂ ಸಿಗುವುದಿಲ್ಲ. ಬಿಟ್ಟರೆ ಹೆಚ್ಚಾಗಿ ನೂರಿನ್ನೂರು ಗಜದಲ್ಲಿ ಮಲಗುತ್ತದೆ. ಪ್ರತಿ ರಕ್ತದ ಗುರುತಿನ ಹತ್ತಿರ ಒಂದು ತುಂಡು ಟಿಶ್ಯೂ ಕಾಗದ ಸಿಕ್ಕಿಸುತ್ತ ಹೋಗಿ, ದಾರಿ ತಪ್ಪಿದಾಗ ಹಿಂದೆ ತಿರುಗಿ ನೋಡಿದರೆ ಅದು ಹೋದ ಗೆರೆ ಕಾಣುತ್ತದೆ. ಸಿಕ್ಕಿದ ಮೇಲೆ ಲೈಸೆನ್ಸ್ ಜೊತೆ ಬರುವ ಟ್ಯಾಗ್ ಹಾಕಿ, 72 ಗಂಟೆಯೊಳಗೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಾದ ಡಿಎನ್‌ಆರ್‌ಗೆ ಆನ್‌ಲೈನಿನಲ್ಲಿ ತಿಳಿಸಬೇಕು. 2022ರಿಂದ ಇದು ಕಡ್ಡಾಯ.

ಕೊನೆಗೆ ತೋಟದ ಪ್ರಶ್ನೆ. ಇಲ್ಲಿಂದ ಒಯ್ಯಬೇಡಿ. ಈ ಸೆಲ್ಯುಲಾರ್ ಕ್ಯಾಮೆರಾಗಳನ್ನು ಇಲ್ಲಿನ ಮೊಬೈಲ್ ಕಂಪನಿಗಳ ಸಿಮ್ಮಿಗೆ, ಇಲ್ಲಿನ ನೆಟ್‌ವರ್ಕಿಗೆ ಹೊಂದಿಸಿರುತ್ತಾರೆ, ಅಲ್ಲಿ ಫೋಟೊ ಕಳಿಸುವ ಭರವಸೆ ಇಲ್ಲ. ಮೆಮೊರಿ ಕಾರ್ಡಿನ ಕ್ಯಾಮೆರಾ ಸಾಕು, ತೋಟದಲ್ಲಿ ದಿನಾ ಓಡಾಡುತ್ತೀರಲ್ಲ. ನಿಮ್ಮ ಬೇಲಿಯ ಒಳಗೆ ಮಾತ್ರ ಕಟ್ಟಿ. ಪಕ್ಕದ ರಿಸರ್ವ್ ಫಾರೆಸ್ಟ್ ಮರಕ್ಕೆ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕಬೇಡಿ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ್ ಕಾರಂತರು 1990ರ ದಶಕದ ಆರಂಭದಲ್ಲಿ ಹುಲಿಗಳ ಪಟ್ಟೆ ನೋಡಿ ಎಣಿಸಲು ಇಂಥ ಕ್ಯಾಮೆರಾ ಇಟ್ಟಾಗ ಅದರಲ್ಲಿ ಇದ್ದದ್ದು ಫಿಲಂ ರೋಲು. ಒಂದು ರೋಲಿಗೆ 36 ಚಿತ್ರ, ಅದನ್ನು ತೊಳೆಸಿ ತರುವ ತನಕ ಒಳಗೆ ಹುಲಿ ಇದೆಯೋ ಬರೀ ಎಲೆ ಇದೆಯೋ ಗೊತ್ತಾಗುತ್ತಿರಲಿಲ್ಲ. ನಿಮ್ಮ ತೋಟದ ಕಣಿವೆಯಲ್ಲಿ ನೀರು ಇರುವ ಕಡೆ ಒಂದು ತಿಂಗಳು ಬಿಟ್ಟು ನೋಡಿ. ಕಡವೆ, ಬರ್ಕ, ಪುನುಗು ಯಾವುದು ಬಿದ್ದರೂ ಫೋಟೊ ನನಗೂ ಕಳಿಸಿ.